ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಧ್ರುವಸಮುದ್ರ: ಕಡಲ ಮಂಜುಗಡ್ಡೆಯ ಸೂಕ್ಷ್ಮಜೀವಿಗಳ ಪರಿಸರವನ್ನು ಅಳೆದು ತಿಳಿಯುವ ಬಗೆ

ಧ್ರುವಪ್ರದೇಶದ ಸಮುದ್ರ ಹೆಪ್ಪುಗಟ್ಟಿದಾಗ ಅದರೊಳಗೆ ಸಿಕ್ಕಿಕೊಂಡ ಬ್ಯಾಕ್ಟೀರಿಯಾ, ಡಯಾಟಮ್ ಎಂಬ ಗಾಜಿನಂಥ ಕವಚದ ಸೂಕ್ಷ್ಮ ಪಾಚಿ ಮತ್ತು ಇತರ ಏಕಕೋಶಜೀವಿಗಳು ಹೇಗೆ ಬದುಕುತ್ತವೆ ಎಂಬ ವಿಷಯವನ್ನು ನಮ್ಮ ಪದವಿ ತರಗತಿಗಳಲ್ಲಿ ಒಂದೆರಡು ಪುಟಗಳಲ್ಲಿ ಮುಗಿಸಿಬಿಡುವುದು ವಾಡಿಕೆ. ಮಂಗಳೂರಿನಿಂದಾಗಲಿ ಉಡುಪಿಯಿಂದಾಗಲಿ ಧ್ರುವಸಮುದ್ರ ಬಹು ದೂರ. ಆದರೆ ಆ ಜೀವಿಗಳ ಬದುಕನ್ನು ನಿರ್ಧರಿಸುವ ಭೌತಿಕ ಪರಿಸ್ಥಿತಿಗಳಲ್ಲಿ ಹೆಚ್ಚಿನವನ್ನು ಪಣಂಬೂರಿನ ಸಮುದ್ರದ ನೀರು, ಮೀನು ತುಂಬುವ ಥರ್ಮೋಕೋಲ್ ಪೆಟ್ಟಿಗೆ ಮತ್ತು ಒಂದು ಡೀಪ್ ಫ್ರೀಜರ್ ಇದ್ದರೆ ಇಲ್ಲಿಯೇ ಉಂಟುಮಾಡಿ ಅಳೆಯಬಹುದು. ಈ ಬರಹ ಅದಕ್ಕೆ ಬೇಕಾದ ಕ್ರಮವನ್ನು ವಿವರಿಸುತ್ತದೆ. ಸೂಕ್ಷ್ಮಜೀವಶಾಸ್ತ್ರ, ಪ್ರಾಣಿಶಾಸ್ತ್ರ ಅಥವಾ ಸಮುದ್ರವಿಜ್ಞಾನ ಓದುವ ವಿದ್ಯಾರ್ಥಿಗಳು ಮತ್ತು ಅವರ ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಇಲ್ಲಿ ತಯಾರಾಗುವುದು ಧ್ರುವದ ಮಂಜುಗಡ್ಡೆಯ ಭೌತಿಕ ಮಾದರಿ ಮಾತ್ರ ಎಂಬುದು ಮೊದಲೇ ತಿಳಿದಿರಬೇಕು. ಅರಬ್ಬೀ ಸಮುದ್ರದ ಬೆಚ್ಚನೆಯ ನೀರಿನ ಜೀವಿಗಳು ಧ್ರುವದ ಜೀವಿಗಳಂತೆ ವರ್ತಿಸುವುದಿಲ್ಲ. ಅವು ಎಲ್ಲಿ ಸೋಲುತ್ತವೆ ಎಂಬುದೇ ನಮಗೆ ಪಾಠವಾಗುತ್ತದೆ.

ಕಡಲ ಮಂಜುಗಡ್ಡೆ ಎಂದರೆ ಸಮುದ್ರದ ನೀರೇ ಹೆಪ್ಪುಗಟ್ಟಿ ಆದದ್ದು. ಹಿಮನದಿಯಿಂದ ಮುರಿದು ತೇಲಿಬರುವ ಹಿಮಬಂಡೆ ಸಿಹಿನೀರಿನದ್ದು, ಅದರ ಕಥೆ ಬೇರೆ. ಅಂಟಾರ್ಕ್ಟಿಕದ ಸುತ್ತ ಕಡಲ ಮಂಜುಗಡ್ಡೆ ಫೆಬ್ರವರಿಯಲ್ಲಿ ಸುಮಾರು 30 ಲಕ್ಷ ಚದರ ಕಿಲೋಮೀಟರಿಗೆ ಕುಗ್ಗಿ, ಸೆಪ್ಟೆಂಬರಿನ ಹೊತ್ತಿಗೆ 180 ಲಕ್ಷ ಚದರ ಕಿಲೋಮೀಟರಿನ ಆಸುಪಾಸಿಗೆ ಹರಡುವುದು ಅನೇಕ ದಶಕಗಳ ವಾಡಿಕೆಯಾಗಿತ್ತು. ಸಮುದ್ರದ ನೀರು ಹೆಪ್ಪುಗಟ್ಟುವಾಗ ಐಸಿನ ಹರಳು ಉಪ್ಪನ್ನು ಒಳಕ್ಕೆ ಸೇರಿಸಿಕೊಳ್ಳುವುದಿಲ್ಲ. ಹೊರಕ್ಕೆ ತಳ್ಳಲ್ಪಟ್ಟ ಉಪ್ಪು ಹರಳುಗಳ ನಡುವೆ ಗಾಢವಾದ ಉಪ್ಪುನೀರಾಗಿ, ಕಿರಿದಾದ ಕುಳಿಗಳಲ್ಲಿ ಮತ್ತು ಕವಲೊಡೆದ ನಾಳಗಳಲ್ಲಿ ದ್ರವರೂಪದಲ್ಲಿಯೇ ಉಳಿಯುತ್ತದೆ. ಈ ಗಾಢ ದ್ರವವನ್ನು ಬ್ರೈನ್ ಎನ್ನುತ್ತಾರೆ. ಸೂಕ್ಷ್ಮಜೀವಿಗಳ ವಾಸ ಈ ಬ್ರೈನಿನಲ್ಲಿ. ಆದ್ದರಿಂದ ಬ್ರೈನ್ ಎಷ್ಟಿದೆ, ಎಷ್ಟು ಉಪ್ಪಾಗಿದೆ, ಒಂದು ಕುಳಿಗೂ ಇನ್ನೊಂದು ಕುಳಿಗೂ ಸಂಪರ್ಕವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಜೀವಿಗಳ ಪರಿಸರದ ಬಹುಭಾಗ ತಿಳಿದಂತೆ; ಮತ್ತು ಈ ಮೂರನ್ನೂ ನಡೆಸುವುದು ತಾಪಮಾನ. ಅಳತೆಯ ಕ್ರಮದಲ್ಲಿ ಥರ್ಮಾಮೀಟರಿಗೆ ಮೊದಲ ಸ್ಥಾನ ಸಿಗುವುದು ಈ ಕಾರಣಕ್ಕಾಗಿ.

ಬ್ರೈನ್ ಎಂಬ ಮಾತು ನಮ್ಮ ಕರಾವಳಿಗೆ ಹೊಸತಲ್ಲ. ಮಲ್ಪೆಯಲ್ಲಿಯೋ ಮಂಗಳೂರಿನ ದಕ್ಕೆಯ ಬಳಿಯೋ ಮೀನುಗಾರಿಕೆ ದೋಣಿಗಳಿಗೆ ಐಸ್ ಒದಗಿಸುವ ಸಾಂಪ್ರದಾಯಿಕ ಐಸ್ ಪ್ಲಾಂಟುಗಳಲ್ಲಿ ಸಿಹಿನೀರು ತುಂಬಿದ ಉದ್ದನೆಯ ಲೋಹದ ಕ್ಯಾನುಗಳನ್ನು ಶೂನ್ಯಕ್ಕಿಂತ ಬಹಳ ಕೆಳಗಿನ ತಾಪಮಾನದಲ್ಲಿರುವ ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಡುತ್ತಾರೆ. ಕ್ಯಾನಿನೊಳಗಿನ ನೀರು ಗಟ್ಟಿಯಾಗುತ್ತದೆ, ಸುತ್ತಲಿನ ಬ್ರೈನ್ ಹರಿಯುತ್ತಲೇ ಇರುತ್ತದೆ. ಪ್ರಯೋಗಕ್ಕೆ ಮುನ್ನ ಅನುಮತಿ ಪಡೆದು ಒಮ್ಮೆ ಇದನ್ನು ನೋಡಿಬರುವುದು ಒಳ್ಳೆಯದು. ಹೊರತೆಗೆದ ಐಸ್ ಬ್ಲಾಕಿನ ಹೊರಭಾಗ ತಿಳಿಯಾಗಿಯೂ ನಡುಭಾಗ ಬೆಳ್ಳಗೆ ಮಸುಕಾಗಿಯೂ ಇರುವುದನ್ನು ಗಮನಿಸಬೇಕು. ಹೊರಗಿನಿಂದ ಒಳಕ್ಕೆ ಹೆಪ್ಪುಗಟ್ಟುತ್ತ ಬಂದ ಐಸು, ನೀರಿನಲ್ಲಿ ಕರಗಿದ್ದ ಗಾಳಿಯನ್ನೂ ಲವಣವನ್ನೂ ನಡುವಿಗೆ ತಳ್ಳಿದ್ದರ ಗುರುತು ಅದು.

ನೀರು ತರುವುದು

ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿ, ಉದ್ಯಾವರ, ಸ್ವರ್ಣಾ ನದಿಗಳ ನೀರು ತೀರದ ಸಮುದ್ರವನ್ನು ಬಹಳ ತೆಳುವಾಗಿಸುತ್ತದೆ. ಆದಕಾರಣ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅವಧಿ ಈ ಕೆಲಸಕ್ಕೆ ಸೂಕ್ತ. ಅಳಿವೆಬಾಗಿಲಿನಿಂದ ಸಾಕಷ್ಟು ದೂರದಲ್ಲಿ, ಭರತದ ಹೊತ್ತಿನಲ್ಲಿ ನೀರು ತುಂಬಿಕೊಳ್ಳಬೇಕು. ಪಣಂಬೂರು ಇದಕ್ಕೆ ಅನುಕೂಲ, ಮಲ್ಪೆಯಾದರೆ ಬಂದರಿನಿಂದ ಉತ್ತರಕ್ಕೆ ಸರಿದು ನಿಲ್ಲುವುದು ಮೇಲು. ಒಂದು ಪೆಟ್ಟಿಗೆಯ ಪ್ರಯೋಗಕ್ಕೆ ಹದಿನೈದು ಲೀಟರು ತಂದರೆ ಸಾಕು. ಮರಳು ಮತ್ತು ಕಸ ಹೋಗುವಂತೆ ದಪ್ಪನೆಯ ಬಟ್ಟೆಯಲ್ಲಿ ಸೋಸಿ, ಅದರಲ್ಲಿ ನಾಲ್ಕು ಲೀಟರನ್ನು ಬೇರೆ ಇಟ್ಟು ಸೂಕ್ಷ್ಮ ರಂಧ್ರದ ಫಿಲ್ಟರಿನಲ್ಲಿ ಮತ್ತೊಮ್ಮೆ ಸೋಸಬೇಕು. ಈ ಶುದ್ಧ ಭಾಗ ಕೊನೆಯಲ್ಲಿ ಮಂಜುಗಡ್ಡೆ ಕರಗಿಸುವಾಗ ಬೇಕಾಗುತ್ತದೆ.

ಲವಣಾಂಶ ಅಳೆಯಲು ಸಿಗಡಿ ಕೃಷಿಕರು ಬಳಸುವ ಕೈ ರಿಫ್ರಾಕ್ಟೋಮೀಟರ್ ಸಾಕಾಗುತ್ತದೆ. ಒಂದು ಹನಿ ಹಾಕಿ ಬೆಳಕಿನತ್ತ ಹಿಡಿದರೆ ಒಂದು ಕಿಲೋಗ್ರಾಂ ನೀರಿನಲ್ಲಿ ಎಷ್ಟು ಗ್ರಾಂ ಲವಣವಿದೆ ಎಂಬುದು ತಿಳಿಯುತ್ತದೆ. ಈ ಉಪಕರಣಗಳ ಅಳತೆಪಟ್ಟಿ ಸಾಮಾನ್ಯವಾಗಿ 100ಕ್ಕೆ ಮುಗಿಯುತ್ತದೆ. ಅದಕ್ಕಿಂತ ಉಪ್ಪಾದ ಬ್ರೈನನ್ನು ಅಷ್ಟೇ ತೂಕದ ಬಟ್ಟಿ ಇಳಿಸಿದ ನೀರಿನೊಂದಿಗೆ ಬೆರೆಸಿ ಅಳೆದು, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು.

ಮಂಜುಗಡ್ಡೆ ಬೆಳೆಸುವುದು

ಧ್ರುವಸಮುದ್ರದಲ್ಲಿ ಶೀತ ಮೇಲಿನ ಗಾಳಿಯಿಂದ ಬರುತ್ತದೆ, ಆದ್ದರಿಂದ ಮಂಜುಗಡ್ಡೆ ಮೇಲಿನಿಂದ ಕೆಳಕ್ಕೆ ಬೆಳೆಯುತ್ತದೆ. ಸ್ಟೀಲ್ ಪಾತ್ರೆಯಲ್ಲಿ ನೀರಿಟ್ಟರೆ ನಾಲ್ಕೂ ಬದಿಯಿಂದ ಹೆಪ್ಪುಗಟ್ಟಿ ಈ ವಿನ್ಯಾಸವೇ ಕೆಟ್ಟುಹೋಗುತ್ತದೆ. ಥರ್ಮೋಕೋಲ್ ಪೆಟ್ಟಿಗೆಯ ಉಪಯೋಗ ಇಲ್ಲಿದೆ: ಬದಿ ಮತ್ತು ತಳದಿಂದ ಶೀತವನ್ನು ತಡೆದು, ತೆರೆದ ಮೇಲ್ಭಾಗದಿಂದ ಮಾತ್ರ ಹೆಪ್ಪುಗಟ್ಟುವಂತೆ ಅದು ಮಾಡುತ್ತದೆ. ಪೆಟ್ಟಿಗೆಯಲ್ಲಿ ಹತ್ತು ಲೀಟರು ನೀರು ತುಂಬಿ, ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ತಣಿಸಿ, ಬಳಿಕ ಮುಚ್ಚಳ ತೆಗೆದು ಡೀಪ್ ಫ್ರೀಜರಿನಲ್ಲಿಡಬೇಕು. ವೈರ್ ಇರುವ ಡಿಜಿಟಲ್ ಥರ್ಮಾಮೀಟರುಗಳು ಮೂರು ಇದ್ದರೆ ಒಂದನ್ನು ನೀರಿನ ಮೇಲ್ಮೈಯಲ್ಲಿ, ಇನ್ನೊಂದನ್ನು ಮೂರು ಸೆಂಟಿಮೀಟರ್ ಕೆಳಗೆ, ಮೂರನೆಯದನ್ನು ತಳದ ಬಳಿ ಒಂದು ಕಡ್ಡಿಗೆ ಕಟ್ಟಿ ನಿಲ್ಲಿಸಬೇಕು. ಪ್ರಯೋಗದ ಫ್ರೀಜರಿನಲ್ಲಿ ತಿನ್ನುವ ಪದಾರ್ಥಗಳನ್ನು ಇಡಕೂಡದು.

ಲವಣಾಂಶ 35 ಇರುವ ನೀರು ಸುಮಾರು ಮೈನಸ್ 1.9 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟಲು ತೊಡಗುತ್ತದೆ. ಮೊದಲು ಕಾಣುವುದು ಸೂಜಿಯಂಥ, ಚಕ್ಕೆಯಂಥ ಸಣ್ಣ ಹರಳುಗಳು. ಗಾಳಿ, ತೆರೆ ಇರುವ ಸಮುದ್ರದಲ್ಲಿ ಇವು ನೀರಿನೊಳಗೆಲ್ಲ ತೇಲಿ, ಮೇಲಕ್ಕೇರುವಾಗ ದಾರಿಯಲ್ಲಿ ಸಿಕ್ಕ ಡಯಾಟಮುಗಳನ್ನೂ ಬ್ಯಾಕ್ಟೀರಿಯಾಗಳನ್ನೂ ಅಂಟಿಸಿಕೊಂಡು ಹೊತ್ತುತರುತ್ತವೆ; ಶರತ್ಕಾಲದ ಎಳೆಯ ಮಂಜುಗಡ್ಡೆಯಲ್ಲಿ ಅಡಿಯ ನೀರಿಗಿಂತ ಹೆಚ್ಚು ಸಾಂದ್ರವಾಗಿ ಜೀವಕೋಶಗಳು ಸಿಗುವುದಕ್ಕೆ ಇದೊಂದು ಕಾರಣ. ಇದನ್ನು ಅನುಕರಿಸಲು ಅನುಕೂಲವಿದ್ದರೆ ಎರಡು ಪೆಟ್ಟಿಗೆ ಇಡಿ. ಒಂದರಲ್ಲಿ ಹರಳು ಮೂಡುವ ಹೊತ್ತಿಗೆ ಅಕ್ವೇರಿಯಂ ಪಂಪಿನಿಂದ ನೀರನ್ನು ಕಲಕುತ್ತಿರಿ, ಇನ್ನೊಂದನ್ನು ಮುಟ್ಟದೆ ಬಿಡಿ. ಕಲಕಿದ್ದು ಮೊದಲು ಲೋಳೆಯಂತಾಗಿ ಬಳಿಕ ಮಸುಕಾದ, ಗೊತ್ತುಗುರಿಯಿಲ್ಲದೆ ಜೋಡಿಸಿದ ಹರಳುಗಳ ಗಡ್ಡೆಯಾಗುತ್ತದೆ. ನಿಶ್ಚಲವಾಗಿದ್ದದ್ದರಲ್ಲಿ ಹರಳುಗಳು ಕಂಬಗಳಂತೆ ಕೆಳಮುಖವಾಗಿ ಬೆಳೆದಿರುತ್ತವೆ. ತೆರೆ ಹೆಚ್ಚಿರುವ ಅಂಟಾರ್ಕ್ಟಿಕ ಸಮುದ್ರದಲ್ಲಿ ಮೊದಲ ಬಗೆಯದು ಧಾರಾಳ. ಉತ್ತರಧ್ರುವದ ಸಮುದ್ರದಲ್ಲಿ ಎರಡನೆಯದಕ್ಕೆ ಪ್ರಾಧಾನ್ಯ.

ಫ್ರೀಜರಿನ ಉಷ್ಣನಿಯಂತ್ರಕವನ್ನು ಮೈನಸ್ 10 ಡಿಗ್ರಿಯ ಸಮೀಪಕ್ಕೆ ತರಲಾದರೆ ಉತ್ತಮ. ಬೇಗ ಬೆಳೆದ ಮಂಜುಗಡ್ಡೆ ಹೆಚ್ಚು ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ನಿಧಾನವಾಗಿ ಬೆಳೆದದ್ದು ಹೆಚ್ಚು ಉಪ್ಪನ್ನು ಕೆಳಗಿನ ನೀರಿಗೆ ಬಿಟ್ಟುಕೊಡುತ್ತದೆ. ನೀರಿನ ಆಳದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೆಪ್ಪುಗಟ್ಟಲು ಬಿಡಬಾರದು. ಐಸು ಹಿಗ್ಗಿ ಪೆಟ್ಟಿಗೆ ಬಿರಿಯುವ ಸಂಭವವಿದೆ. ನಡುವೆ ಕರೆಂಟು ಹೋದರೆ ಬೇಸರಿಸದೆ ತಾಪಮಾನವನ್ನು ಬರೆಯುತ್ತಲೇ ಇರಿ, ಏಕೆಂದರೆ ಮಂಜುಗಡ್ಡೆ ಬೆಚ್ಚಗಾದಾಗ ನಾಳಗಳು ಅಗಲವಾಗಿ ಬ್ರೈನ್ ಕೆಳಕ್ಕೆ ಸೋರುವ ವಸಂತಕಾಲದ ಘಟನೆಯೊಂದು ನಿಮಗೆ ಕೇಳದೆಯೇ ದೊರೆತಂತಾಗುತ್ತದೆ.

ಪೆಟ್ಟಿಗೆಗೂ ಸಮುದ್ರಕ್ಕೂ ಇರುವ ಒಂದು ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಲವಣಾಂಶ 35ರ ಹತ್ತು ಲೀಟರು ನೀರಿನಲ್ಲಿ ಸುಮಾರು 350 ಗ್ರಾಂ ಲವಣವಿರುತ್ತದೆ. ಅದರಲ್ಲಿ ಮೂರು ಲೀಟರು ಹೆಪ್ಪುಗಟ್ಟಿ, ಆ ಗಡ್ಡೆಯ ಒಟ್ಟು ಲವಣಾಂಶ 12 ಆಗಿದ್ದರೆ ಅದು 36 ಗ್ರಾಂ ಹಿಡಿದುಕೊಂಡಿದೆ. ಉಳಿದ 314 ಗ್ರಾಂ ಏಳು ಲೀಟರಿನಲ್ಲಿ ಸೇರಿ ಅಡಿಯ ನೀರಿನ ಲವಣಾಂಶ ಸುಮಾರು 45ಕ್ಕೆ ಏರುತ್ತದೆ. ತೆರೆದ ಸಮುದ್ರದಲ್ಲಿ ಈ ಹೆಚ್ಚಿನ ಉಪ್ಪು ಆಳಕ್ಕಿಳಿದು ಹರಡಿಹೋಗುತ್ತದೆ. ನಿಮ್ಮ ಪೆಟ್ಟಿಗೆಯಲ್ಲಿ ಹಾಗಾಗದೆ ಹೆಪ್ಪುಗಟ್ಟುವ ಬಿಂದುವೇ ಕೆಳಕ್ಕೆ ಜಾರುತ್ತದೆ. ನಿಮ್ಮ ಅಳತೆ ಪುಸ್ತಕದ ಸಂಖ್ಯೆಗೆ ಹೊಂದದಿದ್ದರೆ ಮೊದಲು ಇದನ್ನು ಪರಿಶೀಲಿಸಿ.

ಮೊದಲು ತಾಪಮಾನ, ಆಮೇಲೆ ಉಳಿದದ್ದು

ಧ್ರುವಯಾತ್ರೆಯಲ್ಲಿ ಸಂಶೋಧಕರು ಕೊಳವೆಯಾಕಾರದ ಡ್ರಿಲ್ಲಿನಿಂದ ಮಂಜುಗಡ್ಡೆಯ ಕಂಬವನ್ನು ಹೊರತೆಗೆದ ಕೂಡಲೇ ಮಾಡುವ ಕೆಲಸ, ಅದರ ಬದಿಯಲ್ಲಿ ಅಲ್ಲಲ್ಲಿ ಸಣ್ಣ ತೂತು ಕೊರೆದು ತಾಪಮಾನ ನೋಡುವುದು. ತಡವಾದರೆ ಗಾಳಿಯ ತಾಪಮಾನ ಒಳಕ್ಕಿಳಿಯುತ್ತದೆ, ಬ್ರೈನೂ ಸೋರಿಹೋಗುತ್ತದೆ. ಅವರ ಸುತ್ತ ಶೂನ್ಯಕ್ಕಿಂತ ಕೆಳಗಿನ ಗಾಳಿ ಇರುತ್ತದೆ; ಮಂಗಳೂರಿನ 30 ಡಿಗ್ರಿಯ ಸೆಕೆಯಲ್ಲಿ ನಮಗೆ ಸಿಗುವ ಅವಕಾಶ ಕೆಲವೇ ನಿಮಿಷ. ಆದ್ದರಿಂದ ಗರಗಸ, ತಟ್ಟೆ, ಚಾಕು, ಜಿಪ್ ಚೀಲ ಎಲ್ಲವನ್ನೂ ಮುಂಚಿತವಾಗಿ ಫ್ರೀಜರಿನಲ್ಲಿ ತಣಿಸಿಟ್ಟಿರಬೇಕು, ಸಾಧ್ಯವಿದ್ದಷ್ಟು ಕೆಲಸವನ್ನು ಫ್ರೀಜರಿನ ಒಳಗೇ ಮಾಡಬೇಕು. ಗಡ್ಡೆಯ ಒಂದು ತುಂಡನ್ನು ಕತ್ತರಿಸಿ, ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ತಾಪಮಾನ ನೋಡಿ, ತಕ್ಷಣ ಅದನ್ನು ಎರಡು ಸೆಂಟಿಮೀಟರಿನ ಪದರಗಳಾಗಿ ಸೀಳಿ, ಒಂದೊಂದನ್ನೂ ಬೇರೆ ಬೇರೆ ಚೀಲದಲ್ಲಿ ಮುಚ್ಚಿ ಕರಗಲು ಬಿಡಬೇಕು. ಪೂರ್ತಿ ಕರಗಿದ ನೀರಿನ ಲವಣಾಂಶವೇ ಆ ಪದರದ ಒಟ್ಟು ಲವಣಾಂಶ.

ಬ್ರೈನಿನ ಲವಣಾಂಶವನ್ನು ತಿಳಿಯಲು ತಾಪಮಾನವೊಂದೇ ಸಾಕು. ಐಸೂ ಬ್ರೈನೂ ಒಟ್ಟಿಗಿರುವ ಕಡೆ ಬ್ರೈನ್ ಯಾವಾಗಲೂ ತನ್ನ ಹೆಪ್ಪುಗಟ್ಟುವ ಬಿಂದುವಿನಲ್ಲಿಯೇ ಇರುತ್ತದೆ. ಇನ್ನಷ್ಟು ಚಳಿಯಾದರೆ ಅದರಲ್ಲಿ ಒಂದಿಷ್ಟು ನೀರು ಐಸಾಗಿ ಉಳಿದದ್ದು ಹೆಚ್ಚು ಉಪ್ಪಾಗುತ್ತದೆ. ಮೈನಸ್ 2 ಡಿಗ್ರಿಯಲ್ಲಿ ಬ್ರೈನಿನ ಲವಣಾಂಶ ಸುಮಾರು 37, ಮೈನಸ್ 5ರಲ್ಲಿ ಸುಮಾರು 85, ಮೈನಸ್ 10ರಲ್ಲಿ ಸುಮಾರು 145, ಮೈನಸ್ 20ರಲ್ಲಿ 200ನ್ನು ದಾಟಿರುತ್ತದೆ. ಆದುದರಿಂದ ಕಡಲ ಮಂಜುಗಡ್ಡೆಯಲ್ಲಿ ಚಳಿಯನ್ನು ತಡೆದುಕೊಳ್ಳುವ ಜೀವಿ ಉಪ್ಪನ್ನೂ ತಡೆದುಕೊಳ್ಳಲೇಬೇಕು. ಒಂದನ್ನು ಬಿಟ್ಟು ಇನ್ನೊಂದು ಅಲ್ಲಿ ಬರುವುದಿಲ್ಲ.

ಗಡ್ಡೆಯಲ್ಲಿ ಬ್ರೈನಿನ ಪಾಲು ಎಷ್ಟು ಎಂಬುದಕ್ಕೆ 1967ರಲ್ಲಿ ಫ್ರಾಂಕೆನ್‌ಸ್ಟೈನ್ ಮತ್ತು ಗಾರ್ನರ್ ಕೊಟ್ಟ ಸರಳ ಸೂತ್ರ ಇಂದಿಗೂ ಬಳಕೆಯಲ್ಲಿದೆ. 49.185ನ್ನು ತಾಪಮಾನದ ಸಂಖ್ಯೆಯಿಂದ, ಮೈನಸ್ ಚಿಹ್ನೆಯನ್ನು ಬಿಟ್ಟು, ಭಾಗಿಸಿ, ಅದಕ್ಕೆ 0.532 ಕೂಡಿಸಿ, ಬಂದದ್ದನ್ನು ಒಟ್ಟು ಲವಣಾಂಶದಿಂದ ಗುಣಿಸಿ. ಉತ್ತರ ಸಾವಿರಕ್ಕೆ ಇಷ್ಟು ಭಾಗ ಎಂದು ಬರುತ್ತದೆ. ಲವಣಾಂಶ 5 ಇರುವ ಮಂಜುಗಡ್ಡೆ ಮೈನಸ್ 2 ಡಿಗ್ರಿಯಲ್ಲಿದ್ದರೆ ಅದರ ಗಾತ್ರದಲ್ಲಿ ಶೇಕಡಾ 12.6ರಷ್ಟು ಬ್ರೈನ್, ಮೈನಸ್ 5ರಲ್ಲಿ ಶೇಕಡಾ 5.2, ಮೈನಸ್ 10ರಲ್ಲಿ ಶೇಕಡಾ 2.7 ಎಂದು ನೀವೇ ಲೆಕ್ಕ ಹಾಕಿ ನೋಡಬಹುದು. ಈ ಸೂತ್ರ ಮೈನಸ್ 0.5ರಿಂದ ಮೈನಸ್ 22.9 ಡಿಗ್ರಿಯವರೆಗೆ ಅನ್ವಯಿಸುತ್ತದೆ. ಅದಕ್ಕಿಂತ ಕೆಳಗೆ ಸೋಡಿಯಂ ಕ್ಲೋರೈಡೇ ಹೈಡ್ರೊಹಲೈಟ್ ಎಂಬ ಹರಳಾಗಿ ಬೇರ್ಪಡಲು ತೊಡಗುವುದರಿಂದ ಲೆಕ್ಕ ಬದಲಾಗುತ್ತದೆ. ಫ್ರೀಜರಿನಲ್ಲಿ ಅವಸರದಿಂದ ಬೆಳೆದ ನಿಮ್ಮ ಗಡ್ಡೆಯ ಲವಣಾಂಶ ಧ್ರುವದ ಒಂದು ವರ್ಷದ ಮಂಜುಗಡ್ಡೆಗಿಂತ ಹೆಚ್ಚಾಗಿಯೇ ಇರುತ್ತದೆ, ಆದ್ದರಿಂದ ಬ್ರೈನಿನ ಪಾಲೂ ಹೆಚ್ಚು ಬಂದೀತು.

ಬಣ್ಣದ ನೀರು ಹಾಯುವುದೇ?

ಈ ಶೇಕಡಾವಾರು ಲೆಕ್ಕದಲ್ಲಿ 5 ಎಂಬ ಸಂಖ್ಯೆಗೆ ವಿಶೇಷ ಮಹತ್ವವಿದೆ. ಕಂಬದಂಥ ಹರಳುಗಳ ಕಡಲ ಮಂಜುಗಡ್ಡೆಯಲ್ಲಿ ಬ್ರೈನಿನ ಪಾಲು ಸುಮಾರು ಶೇಕಡಾ 5ಕ್ಕಿಂತ ಕಡಿಮೆಯಾದರೆ ಕುಳಿಗಳ ನಡುವಿನ ಸಂಪರ್ಕ ಕಡಿದು ದ್ರವ ಹಾಯುವುದು ಬಹುಮಟ್ಟಿಗೆ ನಿಂತುಹೋಗುತ್ತದೆ, ಅದಕ್ಕಿಂತ ಹೆಚ್ಚಾದರೆ ಮೇಲಿನಿಂದ ಕೆಳಗಿನವರೆಗೆ ದಾರಿ ತೆರೆದುಕೊಳ್ಳುತ್ತದೆ ಎಂದು ಗಣಿತಜ್ಞ ಕೆನೆತ್ ಗೋಲ್ಡನ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಲವಣಾಂಶ 5, ತಾಪಮಾನ ಮೈನಸ್ 5, ಬ್ರೈನ್ ಶೇಕಡಾ 5: ಈ ಮೂರು ಕೂಡಿ ಬರುವುದರಿಂದ ಇದಕ್ಕೆ ಐದರ ನಿಯಮ ಎಂಬ ಹೆಸರು ಬಿದ್ದಿದೆ.

ಇದನ್ನು ಪರೀಕ್ಷಿಸಲು, ಗಡ್ಡೆಯಿಂದ ಮೂರು ಸೆಂಟಿಮೀಟರ್ ದಪ್ಪದ ಎರಡು ಹಲಗೆಗಳನ್ನು ಕತ್ತರಿಸಿ, ಒಂದನ್ನು ಫ್ರೀಜರಿನ ಅತಿ ತಣ್ಣನೆಯ ಮೂಲೆಯಲ್ಲಿಯೂ ಇನ್ನೊಂದನ್ನು ಮೈನಸ್ 3 ಡಿಗ್ರಿಯ ಸುಮಾರಿಗೆ ಬರುವಂತೆ ಮುಚ್ಚಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಯೂ ಕೆಲವು ಗಂಟೆ ಇಡಿ. ಅಡುಗೆಗೆ ಬಳಸುವ ಬಣ್ಣವನ್ನು ನೀರಿನಲ್ಲಿ ಕದಡಿ ಮೇಲೆ ಹೊಯ್ಯಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಸಾದಾ ನೀರಿನಲ್ಲಿ ಕದಡಿದ ಬಣ್ಣ ಗಡ್ಡೆಯನ್ನು ತಾಗುತ್ತಲೇ ತಾನೇ ಐಸಾಗಿ ರಂಧ್ರಗಳನ್ನು ಮುಚ್ಚುತ್ತದೆ, ಎರಡೂ ಹಲಗೆಗಳು ನೀರು ಹಾಯಿಸುವುದಿಲ್ಲವೆಂದು ತಪ್ಪಾಗಿ ತೋರುತ್ತದೆ. ಮಿತಿಮೀರಿ ಉಪ್ಪಾದ ಬಣ್ಣವಾದರೆ ಐಸನ್ನೇ ಕರಗಿಸಿ ಹೊಸ ದಾರಿ ಕೊರೆಯುತ್ತದೆ. ಹಲಗೆಯ ತಾಪಮಾನಕ್ಕೆ ತಕ್ಕ ಬ್ರೈನಿನ ಲವಣಾಂಶ ಎಷ್ಟೋ ಅಷ್ಟೇ ಉಪ್ಪಿರುವ, ಅಷ್ಟೇ ತಣಿಸಿದ ಬಣ್ಣದ ನೀರನ್ನು ಬಳಸಬೇಕು. ಬಣ್ಣ ಅಡಿಯ ತಟ್ಟೆಗೆ ಇಳಿಯಿತೇ, ಎಷ್ಟು ಹೊತ್ತಿನಲ್ಲಿ ಇಳಿಯಿತು ಎಂಬುದನ್ನು ಬ್ರೈನಿನ ಪಾಲಿನೊಂದಿಗೆ ಸೇರಿಸಿ ಬರೆದಿಡಿ.

ಸೂಕ್ಷ್ಮಜೀವಿಗಳ ಪಾಲಿಗೆ ಈ ದಾರಿ ತೆರೆದಿರುವುದೂ ಮುಚ್ಚಿರುವುದೂ ಬದುಕಿನ ಪ್ರಶ್ನೆ. ತೆರೆದಿದ್ದಾಗ ಅಡಿಯ ಸಮುದ್ರದಿಂದ ನೈಟ್ರೇಟ್, ಫಾಸ್ಫೇಟ್, ಸಿಲಿಕೇಟ್ ಒಳಬರುತ್ತವೆ. ಮುಚ್ಚಿದಾಗ ಪ್ರತಿ ಕುಳಿಯೂ ತನ್ನಷ್ಟಕ್ಕೆ ತಾನಿರುವ ಕೋಣೆಯಾಗುತ್ತದೆ. ಅದರೊಳಗೆ ಬೆಳಕು ಬಿದ್ದು ಪಾಚಿ ದ್ಯುತಿಸಂಶ್ಲೇಷಣೆ ನಡೆಸಿದರೆ ಇಂಗಾಲದ ಡೈ ಆಕ್ಸೈಡ್ ಮುಗಿಯುತ್ತ ಬಂದು, ಪಿಎಚ್ ಏರಿ, ಆಮ್ಲಜನಕ ವಿಪರೀತವಾಗಿ ಶೇಖರಗೊಳ್ಳುತ್ತದೆ. ಗಡ್ಡೆಯ ಕೆಳತುದಿಯ ಕೆಲವು ಸೆಂಟಿಮೀಟರುಗಳು ಮಾತ್ರ, ಮೇಲೆ ಗಾಳಿ ಮೈನಸ್ 30 ಡಿಗ್ರಿಯಿದ್ದರೂ, ಸಮುದ್ರದ ನೀರನ್ನು ತಾಗಿಕೊಂಡಿರುವುದರಿಂದ ಹೆಪ್ಪುಗಟ್ಟುವ ಬಿಂದುವಿನ ಸಮೀಪವೇ ಇರುತ್ತವೆ. ಉತ್ತರಧ್ರುವದ ಮಂಜುಗಡ್ಡೆಯಲ್ಲಿ ವಸಂತದ ಕಂದು ಬಣ್ಣದ ಪಾಚಿಯ ಪದರ ಅಲ್ಲಿಯೇ ದಟ್ಟವಾಗಿ ಬೆಳೆಯುವುದಕ್ಕೆ ಇದು ಮುಖ್ಯ ಕಾರಣ. ನಿಟ್‌ಶಿಯ ಫ್ರಿಜಿಡ ಎಂಬ ಡಯಾಟಮ್ ಆ ಪದರದ ಪ್ರಸಿದ್ಧ ನಿವಾಸಿ. ಅಂಟಾರ್ಕ್ಟಿಕದಲ್ಲಿ ಹಿಮ ಧಾರಾಳವಾಗಿ ಬಿದ್ದು, ಅದರ ಭಾರಕ್ಕೆ ಗಡ್ಡೆ ನೀರಿನ ಮಟ್ಟಕ್ಕಿಂತ ಕೆಳಗೆ ಜಗ್ಗಿ, ಮೇಲ್ಮೈಗೆ ಸಮುದ್ರದ ನೀರು ನುಗ್ಗುವುದುಂಟು. ಆಗ ಹಿಮ ಮತ್ತು ಗಡ್ಡೆಯ ನಡುವೆ, ಬೆಳಕಿಗೂ ಪೋಷಕಾಂಶಕ್ಕೂ ಕೊರತೆಯಿಲ್ಲದ ಇನ್ನೊಂದು ವಸತಿ ಹುಟ್ಟುತ್ತದೆ.

ಚಳಿಯನ್ನೂ ಉಪ್ಪನ್ನೂ ಬಿಡಿಸಿ ನೋಡುವುದು

ಮಂಜುಗಡ್ಡೆಯಲ್ಲಿ ಒಟ್ಟಿಗೆ ಬರುವ ಎರಡು ಕಷ್ಟಗಳನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಬಹುದು. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದಲ್ಲಿ ವಿದ್ಯಾರ್ಥಿಗೆ ಹೆಚ್ಚು ಲಾಭ ತರುವ ಹಂತ ಇದು. ಸೋಸದ ಸಮುದ್ರದ ನೀರನ್ನು ನಾಲ್ಕು ಬಾಟಲಿಗಳಲ್ಲಿ ತುಂಬಿ. ಮೊದಲನೆಯದನ್ನು ಕೋಣೆಯ ತಾಪಮಾನದಲ್ಲಿ ಹಾಗೆಯೇ ಬಿಡಿ. ಎರಡನೆಯದನ್ನು 4 ಡಿಗ್ರಿಯ ಫ್ರಿಜ್ಜಿನಲ್ಲಿಡಿ. ಮೂರನೆಯದಕ್ಕೆ ಲೀಟರಿಗೆ 55 ಗ್ರಾಂನಂತೆ ಅಯೋಡಿನ್ ಸೇರಿಸದ ಕಲ್ಲುಪ್ಪನ್ನು ಕರಗಿಸಿ ಲವಣಾಂಶವನ್ನು 85ರ ಸಮೀಪಕ್ಕೆ ತಂದು ಕೋಣೆಯಲ್ಲಿಯೇ ಇಡಿ. ನಾಲ್ಕನೆಯದನ್ನು ಹೆಪ್ಪುಗಟ್ಟಿಸಿ. ಎಲ್ಲ ಬಾಟಲಿಗಳನ್ನೂ ಕತ್ತಲೆಯಲ್ಲಿಡಬೇಕು, ಇಲ್ಲವಾದರೆ ಬೆಳಕು ಮೂರನೆಯ ಅಂಶವಾಗಿ ನುಸುಳುತ್ತದೆ. ಮರುದಿನ ಒಂದೊಂದರಿಂದಲೂ ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ. ನಮ್ಮ ತೀರದ ನೀರಿನಲ್ಲಿ ಕಾಸಿನೋಡಿಸ್ಕಸ್, ಸ್ಕೆಲೆಟೊನೀಮ, ನಿಟ್‌ಶಿಯ ಮುಂತಾದ ಡಯಾಟಮುಗಳು ಸಿಗುತ್ತವೆ. ಉಪ್ಪು ಹೆಚ್ಚಿಸಿದ ಬಾಟಲಿಯ ಕೋಶಗಳಲ್ಲಿ ಒಳಗಿನ ಜೀವದ್ರವ್ಯ ಕುಗ್ಗಿ ಗಾಜಿನಂಥ ಕವಚದಿಂದ ಬಿಟ್ಟುಕೊಂಡಿರುವುದನ್ನು ಹುಡುಕಬೇಕು. ಕಾಸಿನೋಡಿಸ್ಕಸ್ ದೊಡ್ಡದಾದ್ದರಿಂದ ಅದರಲ್ಲಿ ಇದು ಸುಲಭವಾಗಿ ಕಾಣುತ್ತದೆ.

ಧ್ರುವದ ಜೀವಿಗಳು ಈ ಕುಗ್ಗುವಿಕೆಯನ್ನು ತಡೆಯುವ ಉಪಾಯ, ಕೋಶಕ್ಕೆ ಹಾನಿಮಾಡದ ಪ್ರೋಲೀನ್, ಗ್ಲೈಸಿನ್ ಬೀಟೈನ್, ಡಿಎಂಎಸ್‌ಪಿ (ಗಂಧಕವಿರುವ ಒಂದು ಸಾವಯವ ಸಂಯುಕ್ತ) ಮುಂತಾದ ಸಣ್ಣ ಅಣುಗಳನ್ನು ಒಳಗೆ ತುಂಬಿಕೊಂಡು ಹೊರಗಿನ ಉಪ್ಪಿಗೆ ಸರಿದೂಗುವುದು. ಅವುಗಳ ಪೊರೆಯ ಕೊಬ್ಬಿನಲ್ಲಿ ಅಪರ್ಯಾಪ್ತ ಆಮ್ಲಗಳು ಹೆಚ್ಚಿರುವುದರಿಂದ ಚಳಿಯಲ್ಲಿಯೂ ಪೊರೆ ಗಡುಸಾಗುವುದಿಲ್ಲ. ಕೆಲವು ಡಯಾಟಮುಗಳು ಐಸಿನ ಹರಳಿಗೆ ಅಂಟಿಕೊಂಡು ಅದರ ಬೆಳವಣಿಗೆಯ ರೀತಿಯನ್ನೇ ಬದಲಿಸುವ ಪ್ರೋಟೀನುಗಳನ್ನು ಸ್ರವಿಸುತ್ತವೆ. ಬ್ಯಾಕ್ಟೀರಿಯಾಗಳೂ ಡಯಾಟಮುಗಳೂ ಸುತ್ತಲೂ ಸ್ರವಿಸುವ ಲೋಳೆಯಂಥ ಸಕ್ಕರೆಯ ಸರಪಳಿಗಳು ಕೋಶವನ್ನು ಕಾಯುವುದಲ್ಲದೆ ಕುಳಿಗಳ ಆಕಾರವನ್ನು ಬದಲಿಸಿ ಉಪ್ಪನ್ನು ಗಡ್ಡೆಯೊಳಗೇ ಹಿಡಿದಿಡುತ್ತವೆ ಎಂಬುದು ಮೆಲೊಸಿರ ಆರ್ಕ್ಟಿಕ ಎಂಬ ಡಯಾಟಮಿನ ಲೋಳೆಯ ಮೇಲೆ 2011ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದಿದೆ. ಪರಿಸರ ಜೀವಿಯನ್ನು ರೂಪಿಸುತ್ತದೆ ಎಂದು ಹೇಳಿ ನಿಲ್ಲಿಸುವವರು ಈ ಸಂಗತಿಯನ್ನು ಮರೆಯಬಾರದು. ಇಲ್ಲಿ ಜೀವಿಯೂ ತನ್ನ ಕೋಣೆಯ ಗೋಡೆಯನ್ನು ತಿದ್ದುತ್ತದೆ.

ತಾಳಿಕೆಯ ಮಿತಿ ಎಲ್ಲಿಯವರೆಗೆ? ಅಲಾಸ್ಕದ ಪಾಯಿಂಟ್ ಬ್ಯಾರೋ ಬಳಿಯ ಕಡಲ ಮಂಜುಗಡ್ಡೆಯಿಂದ ಬೇರ್ಪಡಿಸಿದ ಸೈಕ್ರೊಮೊನಾಸ್ ಇಂಗ್ರಹಾಮಿಯೈ ಎಂಬ ಬ್ಯಾಕ್ಟೀರಿಯಾ ಮೈನಸ್ 12 ಡಿಗ್ರಿಯಲ್ಲಿಯೂ ವಿಭಜನೆ ಹೊಂದುತ್ತದೆ. ಆ ಚಳಿಯಲ್ಲಿ ಅದರ ಸಂಖ್ಯೆ ಇಮ್ಮಡಿಯಾಗಲು ಹಿಡಿಯುವ ಕಾಲ ಸುಮಾರು 240 ಗಂಟೆ. ವಿಭಜನೆಯಿಲ್ಲದೆ ಉಸಿರಾಟದ ಚಟುವಟಿಕೆ ಮಾತ್ರ ನಡೆಯುವುದನ್ನು ಚಳಿಗಾಲದ ಮಂಜುಗಡ್ಡೆಯಲ್ಲಿ ಮೈನಸ್ 20 ಡಿಗ್ರಿಯವರೆಗೂ ಕರೆನ್ ಯುಂಗೆ, ಹಾಯೊ ಐಕೆನ್, ಜೋಡಿ ಡೆಮಿಂಗ್ 2004ರಲ್ಲಿ ವರದಿ ಮಾಡಿದರು.

ಕರಗಿಸುವ ವಿಧಾನ

ಗಡ್ಡೆಯೊಳಗಿನ ಜೀವಿಗಳನ್ನು ನೋಡಬೇಕಾದರೆ ಗಡ್ಡೆಯನ್ನು ಕರಗಿಸಲೇಬೇಕು, ಆದರೆ ನೇರವಾಗಿ ಕರಗಿಸಿದರೆ ಲವಣಾಂಶ 85ರ ಬ್ರೈನಿನಲ್ಲಿದ್ದ ಕೋಶ ಕೆಲವೇ ಗಂಟೆಗಳಲ್ಲಿ ಲವಣಾಂಶ 5ರ ನೀರಿಗೆ ಬಂದು ಬೀಳುತ್ತದೆ. ನಾಜೂಕಾದ ಏಕಕೋಶಜೀವಿಗಳು, ಮುಖ್ಯವಾಗಿ ಚಾವಟಿಯಂಥ ಎಳೆಯಿಂದ ಈಜುವ, ಕವಚವಿಲ್ಲದ ಕಶಾಂಗಿಗಳು, ಉಬ್ಬಿ ಒಡೆದುಹೋಗುತ್ತವೆ. ಎಣಿಸುವವನಿಗೆ ಡಯಾಟಮ್ ಮಾತ್ರ ಉಳಿದಂತೆ ತೋರುತ್ತದೆ. ಇದನ್ನು ತಪ್ಪಿಸಲು, ಒಂದು ಪಾಲು ಗಡ್ಡೆಗೆ ಮೂರು ಪಾಲು ಸೋಸಿದ ಸಮುದ್ರದ ನೀರನ್ನು ಸೇರಿಸಿ, ಕತ್ತಲೆಯಲ್ಲಿ, 4 ಡಿಗ್ರಿಯಲ್ಲಿ ನಿಧಾನವಾಗಿ ಕರಗಿಸಬೇಕು. ಗಡ್ಡೆಯ ಲವಣಾಂಶ 6, ನೀರಿನದು 35 ಆಗಿದ್ದರೆ ಮಿಶ್ರಣ ಸುಮಾರು 28ಕ್ಕೆ ನಿಲ್ಲುತ್ತದೆ. ಎಣಿಕೆಯನ್ನು ಕೊನೆಗೆ ನಾಲ್ಕರಿಂದ ಗುಣಿಸಲು ಮರೆಯಬಾರದು. ಒಂದೇ ಗಡ್ಡೆಯ ಎರಡು ತುಂಡುಗಳನ್ನು ಎರಡೂ ಬಗೆಯಲ್ಲಿ ಕರಗಿಸಿ ಹೋಲಿಸಿದರೆ ವಿಧಾನವೇ ಫಲಿತಾಂಶವನ್ನು ಎಷ್ಟು ಬದಲಿಸುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಬೆಳಕು

ಬೆಳಕಿನ ಪ್ರಯೋಗ ಸುಲಭ. ಕತ್ತಲೆ ಕೋಣೆಯಲ್ಲಿ ಟಾರ್ಚಿನ ಕೆಳಗೆ ಮಂಜುಗಡ್ಡೆಯ ಹಲಗೆಯನ್ನೂ ಅದರ ಕೆಳಗೆ ಬೆಳಕಿನ ಅಳತೆಯ ಆಪ್ ಇರುವ ಮೊಬೈಲನ್ನೂ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಇಡಿ. ಮೊದಲು ಬರಿಯ ಹಲಗೆ, ಬಳಿಕ ಅದರ ಮೇಲೆ ಎರಡು ಸೆಂಟಿಮೀಟರ್ ನುಣ್ಣಗೆ ಪುಡಿಮಾಡಿದ ಐಸ್ ಹರಡಿ ಅಳೆಯಿರಿ. ಪುಡಿಯ ತೆಳುಪದರ ಇಡೀ ಹಲಗೆಗಿಂತ ಹೆಚ್ಚು ಬೆಳಕು ತಡೆಯುವುದನ್ನು ನೋಡುವಿರಿ. ಧ್ರುವದಲ್ಲಿಯೂ ಹೀಗೆಯೇ: ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 80ರಿಂದ 90ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ, ತೆರೆದ ಸಮುದ್ರ ಶೇಕಡಾ 10ಕ್ಕಿಂತ ಕಡಿಮೆ. ಆದ್ದರಿಂದ ಪಾಚಿಯ ವಸಂತ ಎಂದು ಆರಂಭವಾಗುತ್ತದೆ ಎಂಬುದನ್ನು ಗಡ್ಡೆಯ ದಪ್ಪಕ್ಕಿಂತ ಹೆಚ್ಚಾಗಿ ಅದರ ಮೇಲಿನ ಹಿಮದ ದಪ್ಪ ನಿರ್ಧರಿಸುತ್ತದೆ. ಮೇಲ್ಮೈ ಬೆಳಕಿನ ಶೇಕಡಾ 1ಕ್ಕಿಂತ ಕಡಿಮೆ ಸಿಕ್ಕರೂ ಬೆಳೆಯಬಲ್ಲ ಪಾಚಿಗಳು ಅಲ್ಲಿವೆ. ಅವುಗಳ ಕಂದು ಬಣ್ಣಕ್ಕೆ ಕಾರಣವಾದ ಫ್ಯೂಕೊಝಾಂಥಿನ್, ಮಂಜುಗಡ್ಡೆಯನ್ನು ದಾಟಿ ಬರುವ ನೀಲಿ-ಹಸಿರು ಬೆಳಕನ್ನು ಹಿಡಿಯಲು ನೆರವಾಗುತ್ತದೆ. ಗಡ್ಡೆ ತೆಳ್ಳಗಾದರೆ ಏನಾಗಬಹುದು ಎಂಬುದಕ್ಕೆ 2012ರ ಬೇಸಿಗೆಯಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗಿನ ಸಂಶೋಧಕರು ಉತ್ತರಧ್ರುವ ಸಮುದ್ರದ ನಡುಭಾಗದಲ್ಲಿ ಕಂಡದ್ದು ಉದಾಹರಣೆ: ಗಡ್ಡೆಯ ಅಡಿಯಲ್ಲಿ ಜೋತಾಡುತ್ತಿದ್ದ ಮೆಲೊಸಿರದ ಉದ್ದನೆಯ ಎಳೆಗಳು ಕಳಚಿ, 4,000 ಮೀಟರಿಗೂ ಆಳದ ಸಮುದ್ರತಳದಲ್ಲಿ ಕುಪ್ಪೆಕುಪ್ಪೆಯಾಗಿ ಬಿದ್ದಿದ್ದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಉತ್ತರಧ್ರುವದ ಮಂಜುಗಡ್ಡೆಯ ವಿಸ್ತಾರ ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದು ಉಪಗ್ರಹ ದಾಖಲೆಯ ಕನಿಷ್ಠ ಮಟ್ಟ ಮುಟ್ಟಿತು.

ನಿಜವಾದ ಧ್ರುವದ ಮಾಹಿತಿಯನ್ನು ಓದುವಾಗ

ನಿಮ್ಮ ಸಂಖ್ಯೆಗಳನ್ನು ಧ್ರುವದ ಸಂಖ್ಯೆಗಳೊಂದಿಗೆ ಹೋಲಿಸಬಯಸಿದರೆ ಗೋವೆಯ ವಾಸ್ಕೊದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ಪ್ರಕಟಣೆಗಳಿಂದ ಆರಂಭಿಸಬಹುದು. ಆದರೆ ಭಾರತದ ನೆಲೆಗಳಿಂದ ಬಂದ ಎಲ್ಲ ಸೂಕ್ಷ್ಮಜೀವಿ ಅಧ್ಯಯನಗಳೂ ಕಡಲ ಮಂಜುಗಡ್ಡೆಯವಲ್ಲ. ಅಂಟಾರ್ಕ್ಟಿಕದಲ್ಲಿ 1989ರ ಮೈತ್ರಿ ನೆಲೆ ತೀರದಿಂದ ಬಹಳ ಒಳಗೆ, ಶಿರ್ಮಾಕರ್ ಓಯಸಿಸ್‌ನ ಬಂಡೆ ಮತ್ತು ಸಿಹಿನೀರಿನ ಸರೋವರಗಳ ನಡುವೆ ಇದೆ; 2012ರ ಭಾರತಿ ನೆಲೆ ಲಾರ್ಸ್‌ಮನ್ ಗುಡ್ಡಗಳಲ್ಲಿ ಸಮುದ್ರಕ್ಕೆ ತಾಗಿಕೊಂಡಿದೆ. ಉತ್ತರಧ್ರುವದ ಬದಿಯಲ್ಲಿ ಸ್ವಾಲ್ಬಾರ್ಡಿನ ಹಿಮಾದ್ರಿ 2008ರಿಂದ ಇದೆ. ಮಾದರಿ ಸರೋವರದ್ದೋ, ಹಿಮನದಿಯದ್ದೋ, ಕಡಲ ಮಂಜುಗಡ್ಡೆಯದ್ದೋ ಎಂಬುದನ್ನು ಶೀರ್ಷಿಕೆಯಲ್ಲಿ ನೋಡಿ ತೃಪ್ತರಾಗದೆ ವಿಧಾನದ ಭಾಗದಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

ಕೋಷ್ಟಕಗಳಲ್ಲಿ ಕ್ಲೋರೊಫಿಲ್, ಬ್ಯಾಕ್ಟೀರಿಯಾ ಸಂಖ್ಯೆ, ನೈಟ್ರೇಟ್ ಮುಂತಾದವನ್ನು ಹೆಚ್ಚಾಗಿ ಒಂದು ಲೀಟರು ಕರಗಿದ ಗಡ್ಡೆಗೆ ಇಷ್ಟು ಎಂದು ಕೊಟ್ಟಿರುತ್ತಾರೆ. ಜೀವಿಗಳು ಅನುಭವಿಸುವ ಸಾಂದ್ರತೆ ಅದಲ್ಲ, ಏಕೆಂದರೆ ಅವೆಲ್ಲವೂ ಗಡ್ಡೆಯ ಬ್ರೈನಿನ ಭಾಗದಲ್ಲಿ ಮಾತ್ರ ಇರುತ್ತವೆ. ಲೀಟರು ಗಡ್ಡೆಗೆ 10 ಮೈಕ್ರೊಗ್ರಾಂ ಕ್ಲೋರೊಫಿಲ್ ಎಂದಿದ್ದು, ಬ್ರೈನಿನ ಪಾಲು ಶೇಕಡಾ 5 ಆಗಿದ್ದರೆ, ಲೀಟರು ಬ್ರೈನಿಗೆ ಅದು 200 ಮೈಕ್ರೊಗ್ರಾಂ ಆಗುತ್ತದೆ. ಅದೇ ಗಡ್ಡೆ ಚಳಿಗೆ ಸಿಕ್ಕಿ ಬ್ರೈನ್ ಶೇಕಡಾ 2.5ಕ್ಕೆ ಇಳಿದರೆ ಒಂದು ಕೋಶವೂ ಹೆಚ್ಚದೆ 400 ಆಗುತ್ತದೆ. ಬ್ಯಾಕ್ಟೀರಿಯಾಗಳೂ ಅವುಗಳ ಆಹಾರವೂ ಅವನ್ನು ಸೋಂಕುವ ವೈರಸ್‌ಗಳೂ ಅಷ್ಟೇ ಪಟ್ಟು ಪರಸ್ಪರ ಹತ್ತಿರ ಬರುತ್ತವೆ. ಈ ಪರಿವರ್ತನೆಗೆ ಬೇಕಾದದ್ದು ಪದರದ ತಾಪಮಾನ ಮತ್ತು ಒಟ್ಟು ಲವಣಾಂಶ. ತಾಪಮಾನವನ್ನು ಕೊಡದ ಕೋಷ್ಟಕದಿಂದ ಈ ಲೆಕ್ಕ ಸಾಧ್ಯವಿಲ್ಲ. ಅಂಥದ್ದನ್ನು ಹೋಲಿಕೆಗೆ ಬಳಸದಿರುವುದೇ ಲೇಸು.